ಮೊದಲು ಕಾಣದ ಜಾಗದಲ್ಲಿ

ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ
ಟಯರು, ಗ್ರೀಸು, ಬೆಸುಗೆಯ ಕಿಡಿ ದಾಟಿ
ಮೂರನೇ ಸಾಲಿನ ಕೊನೆಗೆ ಇಲಿಯಾಸನ ಅಂಗಡಿ.
ಎದುರಿಗೇ ನಿಲ್ಲಿಸಿದೆ ನನ್ನ ಕಾರು:
ಅದಕ್ಕೆ ಮೂರನೇ ಯಜಮಾನಿ ನಾನು,
ಅರವತ್ತೆರಡು ಸಾವಿರ ಕಿಲೋಮೀಟರು ಓಡಿದ್ದು,
ಕಪ್ಪು.

"ಕಪ್ಪು ಎಂತಕ್ಕೆ ತಗೊಂಡ್ರಿ ಅಕ್ಕ,
ಬಿಳೀದಾದ್ರೆ ಧೂಳು ಮುಚ್ಚಿಕೊಳ್ತಿತ್ತು."
ಇಪ್ಪತ್ತು ಸಾವಿರ ಕಡಿಮೆಗೆ ಸಿಕ್ಕಿತು ಅನ್ನಲಿಲ್ಲ ನಾನು.
ಬಣ್ಣ ನೋಡಿ ಚೌಕಾಸಿ ನಡೆಯುವುದು
ವಿನೋಬನಗರದಲ್ಲಿ ಹತ್ತೊಂಬತ್ತು ವರ್ಷದಿಂದ
ಬ್ಯೂಟಿಪಾರ್ಲರ್ ಇಟ್ಟವಳಿಗೆ
ಹೊಸ ಸುದ್ದಿಯೇನಲ್ಲ.

ಮೊಬೈಲಿನ ಟಾರ್ಚು ಹಚ್ಚಿ ಬಾನೆಟ್ಟಿಗೆ ಹಿಡಿದ.
ಬೆಳಕಿನ ಸುತ್ತ ಸಣ್ಣ ಸಣ್ಣ ಗೀರು, ಸುತ್ತು ಸುತ್ತು,
ಜೇಡ ಇಡೀ ರಾತ್ರಿ ದುಡಿದಂತೆ.
"ಇವೆಲ್ಲ ಕಲ್ಲು ಮುಳ್ಳು ಮಾಡಿದ್ದಲ್ಲ,
ಒರೆಸಿದವರು ಮಾಡಿದ್ದು.
ಒಣಬಟ್ಟೆ, ಅವಸರ, ಪ್ರೀತಿ."
ಪ್ರೀತಿ ಅಂದನೋ,
ಕೇಳುತ್ತ ನಾನೇ ಸೇರಿಸಿಕೊಂಡೆನೋ.

ಚೀಟಿ ಬರೆದುಕೊಂಡು ಹೋಗಿದ್ದೆ:
ಪಾಲಿಶು, ಗೀರು ತೆಗೆಯುವ ಟ್ಯೂಬು,
ತಿರುಗುವ ಯಂತ್ರ, ಟಯರಿಗೆ ಬಳಿಯುವ ಕಪ್ಪು.
ಕಿವಿಸಂದಿಯ ಪೆನ್ನು ತೆಗೆದು
ಒಂದೊಂದೇ ಹೊಡೆದುಹಾಕಿದ.
"ಮೊದಲು ತೊಳೆಯೋದು ಕಲೀರಿ, ಹೊಳಪು ಆಮೇಲೆ.
ಯಂತ್ರ ಕೊಂಡವರು ಎರಡೇ ವಾರಕ್ಕೆ
ಅಂಚಿನ ಬಣ್ಣ ತಿನ್ನಿಸಿ ತರ್ತಾರೆ."

ಕೌಂಟರಿನ ಮೇಲೆ ಅವನು ಇಟ್ಟದ್ದು
ಬಕೆಟ್ಟು ಎರಡು, ಒಂದು ನೊರೆಗೆ, ಒಂದು ಕೊಳೆಗೆ;
ಕುರಿಮರಿಯಂಥ ಕೈಗವಸು;
ಅರ್ಧ ಲೀಟರ್ ಶಾಂಪೂ
(ಪಾತ್ರೆ ಸೋಪು ಹಾಕಿದ್ರೆ ನನ್ ಅಂಗಡಿಗೆ ಬರ್ಬೇಡಿ);
ಅಂಚಿಗೆ ಹೊಲಿಗೆಯಿಲ್ಲದ ದಪ್ಪ ಬಟ್ಟೆ ಮೂರು.
ಮಣ್ಣಿನ ಉಂಡೆಯೊಂದನ್ನು ತೋರಿಸಿ ಮತ್ತೆ ಒಳಗಿಟ್ಟ:
"ಇದು ದೀಪಾವಳಿಗೆ."
ಕೊನೆಗೆ ಅಂಗೈಯಗಲದ ಡಬ್ಬಿ, ಮೇಣ.

ಶಾಂಪೂ, ಮಣ್ಣು, ಮೇಣ.
ನಗು ಬಂತು. ನನ್ನದೇ ಕಪಾಟು ಇದು,
ವಾಸನೆಯೂ ಅದೇ, ಸುಳ್ಳು ನಿಂಬೆಹಣ್ಣು.
"ಇದನ್ನ ಹಚ್ಚಿದ್ರೆ ಏನಾಗುತ್ತೆ?"
"ಕಪ್ಪು ಇನ್ನೂ ಕಪ್ಪಾಗುತ್ತೆ ಅಕ್ಕ. ಆಳ ಬರುತ್ತೆ."

ಹತ್ತೊಂಬತ್ತು ವರ್ಷದಲ್ಲಿ ಒಬ್ಬ ತಾಯಿಯೂ
ಮಗಳನ್ನು ಕುರ್ಚಿಗೆ ಕೂರಿಸಿ
ಇದನ್ನು ಕೇಳಿದ್ದಿಲ್ಲ.

ಹಿಂಬಾಗಿಲಲ್ಲಿ ಉಗುರಿಗೆ ಸಿಗುವ ಗೀರೊಂದಿತ್ತು.
"ಗೀರು ತೆಗೆಯೋದು ಅಂತ ಇಲ್ಲವೇ ಇಲ್ಲ.
ಸುತ್ತ ಚೆನ್ನಾಗಿರೋದನ್ನ
ಗೀರಿನ ಆಳದ ತನಕ ಸವೆಸ್ತೀವಿ, ಅಷ್ಟೆ.
ಉಗುರಿಗೆ ಸಿಕ್ಕಿದ್ರೆ ಬಿಟ್ಟುಬಿಡಿ."

ಸಾವಿರದ ಎಂಟುನೂರ ನಲವತ್ತು.
ನಲವತ್ತು ಬಿಟ್ಟ.

ಸಂಜೆ, ಪಾರ್ಲರಿನ ಹಿಂದಿನ ಖಾಲಿ ಸೈಟಿನಲ್ಲಿ,
ಬಾನೆಟ್ಟು ತಣ್ಣಗಾದ ಮೇಲೆ,
ಮೇಲಿನಿಂದ ಕೆಳಕ್ಕೆ, ನೇರ ಗೆರೆಯಲ್ಲಿ, ಒತ್ತದೆ.
ಸುಗುಣ ನೀರು ಹೊಯ್ದಳು.
ಕೊಳೆಯ ಬಕೆಟ್ಟಿನ ತಳದಲ್ಲಿ ಕೆಮ್ಮಣ್ಣು ಕೂತಿತು,
ಆಯನೂರಿನದೋ ಹೊಸನಗರದ್ದೋ,
ಹಿಂದಿನ ಇಬ್ಬರು ಓಡಾಡಿದ ಯಾವ ರಸ್ತೆಯದೋ.
ಒಂದು ಬಟ್ಟೆ ಕೈಜಾರಿ ಬಿತ್ತು.
ನೆಲ ಮುಟ್ಟಿದ್ದನ್ನು ಮತ್ತೆ ಮೈಗೆ ಮುಟ್ಟಿಸಬಾರದು ಅಂದಿದ್ದ;
ಇನ್ನೂರು ರೂಪಾಯಿ ಚಕ್ರದ ಪಾಲು.

ಕನ್ನಡಕ ಹಾಕಿ ಮೇಣದ ಡಬ್ಬಿಯ ಬೆನ್ನು ಓದಿದೆ:
ಮೊದಲು ಕಾಣದ ಜಾಗದಲ್ಲಿ ಸ್ವಲ್ಪ ಹಚ್ಚಿ ನೋಡಿ.
ಒಳಗೆ ಬ್ಲೀಚಿನ ಡಬ್ಬಿಯ ಬೆನ್ನಲ್ಲೂ ಇದೇ ಮಾತು.
ನಾಳೆ ಹತ್ತಕ್ಕೆ ಕುಂಸಿಯ ಮದುಮಗಳು.
"ಎರಡು ಶೇಡಾದ್ರೂ ಇಳಿಸಿ ಮೇಡಂ,"
ಅವಳಮ್ಮನ ಫೋನು, ಎರಡು ಸಲ.

ಹಿಂಬಾಗಿಲ ಕೆಳಗೆ, ಗೀರಿನ ಪಕ್ಕ,
ಬೆರಳಿನಷ್ಟು ತಿಕ್ಕಿ, ಕಾದು, ಒರೆಸಿದೆ.
ಅಷ್ಟಗಲ ಮಾತ್ರ ಬಾವಿಯ ಹಾಗೆ.
ಬೀದಿದೀಪ ಹತ್ತಿತು.
"ಅಕ್ಕಾ, ನನ್ ಮುಖ ಕಾಣ್ತಿದೆ!"
ಸುಗುಣ ಬಗ್ಗಿದ್ದಳು, ಒದ್ದೆಯಾಗದಂತೆ ಜಡೆ ಹಿಡಿದು.
ಕಾಣದೆ ಏನು, ಅಂದೆ.
ಪೂರ್ತಿ ಮಾಡೋಣವೆಂದರೆ
ಕತ್ತಲಾಗಿಬಿಟ್ಟಿತ್ತು.